ಹಾರ್ಮೋನೂ ಜೀವಕೋಶದ ಆಕಾರವೂ
(ವಾರ್ಷಿಕೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)



ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ತೆಲುಗನ್ನೂ ಆಡುವ ನಮ್ಮ ತಾಯಂದಿರು ಯಾವ ಭಾಷೆಯಲ್ಲಿಯೂ ಆಡದೆ ನುಂಗಿಕೊಳ್ಳುವ ಸಂಗತಿಯೊಂದುಂಟು. ಅದು ಗುಪ್ತಾಂಗದ ತೊಂದರೆ. ಸಂಕೋಚವನ್ನು ಬದಿಗಿಟ್ಟು ಅದನ್ನೇ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಯೋನಿಯ ಒಳಮೈಗೆ ಜೀವಕೋಶಗಳ ಹಲವು ಪದರಗಳ ಹೊದಿಕೆಯುಂಟು. ಈ ಕೋಶಗಳ ಗಾತ್ರವೂ ಆಕಾರವೂ ರಕ್ತದಲ್ಲಿ ಹರಿಯುವ ಹಾರ್ಮೋನುಗಳನ್ನು ಅವಲಂಬಿಸಿವೆ. ನಮ್ಮ ಸೀಮೆಯ ಕಡಲೆಕಾಯಿ ಹೊಲವನ್ನು ನೆನೆಯಿರಿ: ಹದಮಳೆಯಾದರೆ ಕಾಳು ತುಂಬುತ್ತದೆ, ಮಳೆ ಹಿಂಗಿದರೆ ಸೊರಗುತ್ತದೆ. ಅಂಡಾಶಯವು ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ಹೇರಳವಾಗಿ ಸ್ರವಿಸುವಾಗ ಪದರಗಳು ದಪ್ಪವಾಗುತ್ತವೆ. ಮೇಲಣ ಕೋಶಗಳು ಅಗಲವಾಗಿ, ಚಪ್ಪಟೆಯಾಗಿ, ಮೂಲೆಮೂಲೆಯಾಗುತ್ತವೆ. ನಡುವಣ ಬೀಜವು ಚುಕ್ಕೆಯಂತೆ ಕುಗ್ಗುತ್ತದೆ. ಅಂಡವು ಹೊರಬಿದ್ದ ಬಳಿಕ ಪ್ರೊಜೆಸ್ಟರಾನ್ ಹೆಚ್ಚಲು, ಕೋಶಗಳು ಅಂಚು ಮಡಿಚಿಕೊಂಡು ಗುಂಪುಗೂಡುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಬತ್ತುವುದರಿಂದ ಪದರಗಳು ತೆಳುವಾಗಿ, ಅಡಿಯ ಸಣ್ಣ ದುಂಡು ಕೋಶಗಳೇ ಮೇಲೆ ಕಾಣುತ್ತವೆ. ಒಣಗುವಿಕೆಯೂ ಉರಿಯೂ ಇದರ ಫಲ. ಯಾವ ಪಾಪದ ಫಲವೂ ಅಲ್ಲ. ಇದಕ್ಕೆ ಚಿಕಿತ್ಸೆಯೂ ಉಂಟು.

ಗ್ರೀಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಜಾರ್ಜ್ ಪಪನಿಕೊಲಾವ್ ಎಂಬ ವಿಜ್ಞಾನಿಯು, ಗಿನಿಯಿಲಿಗಳಲ್ಲಿ ಋತುಕಾಲಕ್ಕೆ ತಕ್ಕಂತೆ ಈ ಕೋಶಗಳು ಬದಲಾಗುವುದನ್ನು ಕಂಡು, 1917ರಲ್ಲಿ ಸ್ಟಾಕರ್ಡ್ ಅವರೊಡನೆ ಪ್ರಕಟಿಸಿದರು. ಮುಂದೆ ಸ್ತ್ರೀಯರ ಕೋಶಗಳನ್ನು ನೋಡುತ್ತಿರುವಾಗ ಬೇರೊಂದು ಬಗೆಯ ಕೋಶಗಳು ಅವರ ಕಣ್ಣಿಗೆ ಬಿದ್ದವು: ಬೀಜವು ಹಿಗ್ಗಿ, ಕಪ್ಪೇರಿ, ಆಕಾರಗೆಟ್ಟಿದ್ದವು. ಅವು ಕ್ಯಾನ್ಸರಿನ ಕೋಶಗಳು! 1943ರಲ್ಲಿ ಅವರು ಟ್ರೌಟ್ ಅವರೊಡನೆ ಹೊರತಂದ ಗ್ರಂಥದ ತರುವಾಯ 'ಪ್ಯಾಪ್ ಪರೀಕ್ಷೆ' ಬಳಕೆಗೆ ಬಂದಿತು. ಗರ್ಭಕೋಶದ ಕೊರಳಿನಿಂದ ಕೋಶಗಳನ್ನು ಮೆಲ್ಲನೆ ಒರೆಸಿ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣವಿತ್ತು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವಿದು. ರೋಗವು ಬಲಿಯುವ ಮುನ್ನವೇ ಸುಳಿವು ದೊರೆಯುತ್ತದೆ.

ವಯೋಸಹಜವಾದ ಬದಲಾವಣೆಯೂ ರೋಗವೂ ಹೊರಗೆ ಒಂದೇ ರೀತಿ ತೋರಬಹುದು. ಆದುದರಿಂದ ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ 'ವಯಸ್ಸಾಯಿತು' ಎಂದು ಸುಮ್ಮನಿರಲಾಗದು, ವೈದ್ಯರಿಗೆ ತೋರಿಸಲೇಬೇಕು. ಕಲ್ಯಾಣದುರ್ಗದವರಿಗೆ ಅನಂತಪುರದ ಸರಕಾರಿ ಆಸ್ಪತ್ರೆಯುಂಟು. ಹಿಂದೂಪುರದವರು ರೈಲು ಹತ್ತಿದರೆ ಬೆಂಗಳೂರಿನಲ್ಲಿ, 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯುಂಟು. ಅಲ್ಲಿ ಕನ್ನಡದಲ್ಲಿಯೇ ಕಷ್ಟ ಹೇಳಿಕೊಳ್ಳಬಹುದು.

ಗಡಿಯಲ್ಲಿ ನುಡಿಯನ್ನು ಉಳಿಸಿಕೊಳ್ಳಲು ಸಂಘ ಕಟ್ಟಿದ್ದೇವೆ. ಆ ನುಡಿಯಲ್ಲಿ ತಾಯಿಯು ಮಗಳೊಡನೆ ತನ್ನ ನೋವನ್ನು ಹೇಳಿಕೊಳ್ಳುವಂತಾದರೆ ಅದು ಉಳಿದುದಕ್ಕೆ ಸಾರ್ಥಕವಾಗುವುದು.