ಆಡು ತಿನ್ನುವ ಸಸಿ



ಸುಮಾರು ನಲವತ್ತು ವರ್ಷಗಳ ಹಿಂದೆ ಬಸವಾಪಟ್ಟಣದ ಸಮೀಪ ವಿದ್ಯಾರ್ಥಿಗಳ ಸೇವಾಶಿಬಿರವೊಂದು ನಡೆಯಿತು. ನಾನು ಆಗಷ್ಟೇ ಅಧ್ಯಾಪಕನಾಗಿದ್ದವನು. ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಸಸಿ ನೆಡುವುದು ವಾಡಿಕೆಯ ಕೆಲಸ. ನಮಗೆ ದೊರೆತದ್ದು ನೀಲಗಿರಿ. ಕೊಟ್ಟದ್ದನ್ನು ನೆಟ್ಟೆವು, ಕನ್ನಡದ ಮೇಷ್ಟರಾದ ನಾನು ವನಸಿರಿಯ ಮೇಲೆ ದೀರ್ಘವಾದ ಭಾಷಣವನ್ನೂ ಮಾಡಿದೆ. ಊರಿನ ಮುದುಕಿಯೊಬ್ಬಳು ಮಾತ್ರ, "ಇದನ್ನ ಆಡು ತಿಂತದೇನಪ್ಪ?" ಎಂದಳು. ತಿನ್ನುವುದಿಲ್ಲವೆಂದು ಹೆಮ್ಮೆಯಿಂದಲೇ ಉತ್ತರಿಸಿದೆ. ಬೇಲಿಯಿಲ್ಲದೆ ಬೆಳೆಯುವುದೇ ಅದರ ಹಿರಿಮೆಯೆಂದು ಆಗ ಎಣಿಸಿದ್ದೆವು.

ಆ ಮುದುಕಿಯ ಪ್ರಶ್ನೆಯನ್ನೇ ತುಂಗಭದ್ರೆಯ ಆಚೆಯ ಜನ ಬೇರೊಂದು ಬಗೆಯಲ್ಲಿ ಕೇಳಿದರು. ಹರಿಹರದ ಕಾರ್ಖಾನೆಗೆ ತಿರುಳಿಗೆ ಬೇಕಾದ ಮರವನ್ನು ಒದಗಿಸಲು 1984ರಲ್ಲಿ ಸ್ಥಾಪಿತವಾದ ಕರ್ನಾಟಕ ಪಲ್ಪ್‌ವುಡ್ಸ್ ಕಂಪೆನಿಗೆ ಹಳ್ಳಿಗರ ಗೋಮಾಳಗಳನ್ನೂ ವಹಿಸಲಾಗಿತ್ತು. 1987ರ ನವೆಂಬರ್ 14ರಂದು, ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ, ಜನ ನೀಲಗಿರಿ ಸಸಿಗಳನ್ನು ಕಿತ್ತು ಆ ಜಾಗದಲ್ಲಿ ಹಣ್ಣು, ಮೇವು ಕೊಡುವ ಗಿಡಗಳನ್ನು ನೆಟ್ಟರು. 'ಕಿತ್ತಿಕೊ ಹಚ್ಚಿಕೊ' ಎಂಬುದು ಆ ಸತ್ಯಾಗ್ರಹದ ಹೆಸರು. ಶಿವರಾಮ ಕಾರಂತರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1991ರಲ್ಲಿ ಕಂಪೆನಿ ಮುಚ್ಚಿತು.

ಇಂದಿನ ವಿದ್ಯಾರ್ಥಿಗಳು ನಮಗಿಂತ ಬಲ್ಲವರು. ನೆಲದ ಗಿಡವನ್ನೇ ನೆಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಂಗೆ, ಮುತ್ತುಗ, ಅತ್ತಿ, ಕಮರಗಳ ಬೀಜಗಳನ್ನು ತಾವೇ ಆಯ್ದು ತರುತ್ತಾರೆ. ಬೇವಿನ ಬೀಜದ ಮೊಳೆಯುವ ಶಕ್ತಿ ಕೆಲವೇ ವಾರಗಳಲ್ಲಿ ಕುಂದುತ್ತದೆ, ಹುಣಿಸೆಯದಾದರೆ ಕಾಯುತ್ತದೆ ಎಂಬುದನ್ನು ನಾನು ಅರಿತದ್ದು ಅವರಿಂದ.

ತೊಡಕಿರುವುದು ಬೇರೆಡೆ. ಅತ್ತಿಯನ್ನೂ ಬೇವನ್ನೂ ಆಡು ತಿನ್ನುತ್ತದೆ. ಉಪಯುಕ್ತವಾದ ಸಸಿಯೇ ಮೊದಲು ಬಾಯಿಗೆ ಬೀಳುವುದು. ಅದಕ್ಕೆ ಮುಳ್ಳಿನ ಬೇಲಿ ಬೇಕು, ಮೊದಲ ಎರಡು ಬೇಸಗೆ ನೀರು ಬೇಕು. ಆದರೆ ನೆಡುವುದು ಮಳೆಗಾಲದಲ್ಲಿ. ನೆಲ ಬಾಯ್ಬಿಡುವ ಏಪ್ರಿಲ್, ಮೇ ತಿಂಗಳಲ್ಲಿ ವಿದ್ಯಾರ್ಥಿಗಳಿಗೆ ಮೊದಲು ಪರೀಕ್ಷೆ, ಆಮೇಲೆ ರಜೆ! ಮರುವರ್ಷ ಹೊಸ ತಂಡ ಬಂದು ಅದೇ ಗುಂಡಿಯಲ್ಲಿ ಹೊಸ ಸಸಿ ನೆಡುತ್ತದೆ. ನೆಟ್ಟ ಸಸಿಗಳ ಲೆಕ್ಕ ವರದಿಯಲ್ಲಿ ಬರುತ್ತದೆ, ಒಣಗಿದವುಗಳದು ಬರುವುದಿಲ್ಲ. ತಳದಲ್ಲಿ ಸಣ್ಣ ತೂತಿರುವ ಮಡಕೆಯನ್ನು ಬುಡದ ಬಳಿ ಹೂತು ನೀರು ತುಂಬಿದರೆ ಅದು ಮೆಲ್ಲನೆ ಜಿನುಗುತ್ತದೆ. ತುಂಬುವ ಕೈಯಂತೂ ಬೇಕೇ ಬೇಕು.

ನಾವು ನೆಟ್ಟ ನೀಲಗಿರಿಗಳನ್ನು ಎಂದೋ ಕಡಿದಾಯಿತು. ಬೊಡ್ಡೆಗಳು ಇಂದಿಗೂ ಚಿಗುರುತ್ತಿವೆ. ಅವುಗಳ ನಡುವೆ ಈಗ ಹದಿನಾಲ್ಕು ಗಿಡಗಳು ಉಳಿದುಕೊಂಡಿವೆ. ಊರಿನಲ್ಲೇ ಇರುವ ಏಳೆಂಟು ಹುಡುಗರು, ಹುಡುಗಿಯರು ಸರದಿಯಂತೆ ಕೊಡ ಹೊರುತ್ತಾರೆ. ಭಾನುವಾರದ ಸರದಿ ನನ್ನದು.