ಜಿಂಕೆಯ ರೋಗವೂ ಬೇಟೆಗಾರರ ವಾದವೂ

ಕ್ಯಾಸಂಬಳ್ಳಿಯ ಹೆಸರನ್ನು ನಿಮ್ಮಲ್ಲಿ ಅನೇಕರು ತಮಗೆ ತಿಳಿಯದೆಯೇ ಉಚ್ಚರಿಸಿರುವುದುಂಟು. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಗಳಾಗಿದ್ದ ಕೆ. ಚೆಂಗಲರಾಯ ರೆಡ್ಡಿಯವರ ಹೆಸರಿನ ಮೊದಲಿಗೆ ನಿಂತಿರುವ ಅಕ್ಷರ ನಮ್ಮೂರಿನದೇ. ಚಿನ್ನದ ಗಣಿಯ ಊರನ್ನು ಬಿಟ್ಟು ಆಂಧ್ರದ ಗಡಿಯ ಕಡೆ ಹೊರಟರೆ ರಾಗಿ ಹೊಲ, ಟೊಮೇಟೊ ತೋಟ, ಕಲ್ಲುಗುಡ್ಡ, ನಡುನಡುವೆ ಹುಲ್ಲುಬಯಲು. ಆ ಬಯಲಿನಲ್ಲಿ ಅದೃಷ್ಟವಿದ್ದರೆ ಬೆಳಗಿನ ಹೊತ್ತು ತಿರುಚಿದ ಕೊಂಬಿನ ಕಪ್ಪು ಗಂಡೊಂದು ಹೆಣ್ಣುಗಳ ಹಿಂಡಿನ ಹಿಂದೆ ನಿಂತಿರುವುದು ಕಾಣುತ್ತದೆ. ಪುಸ್ತಕದಲ್ಲಿ ಅದು ಕೃಷ್ಣಮೃಗ. ನಮ್ಮವರ ಬಾಯಲ್ಲಿ ಬರಿಯ ಜಿಂಕೆ.

ಈ ದಿನ ನಾನು ಮಾತನಾಡಬೇಕೆಂದಿರುವುದು ಜಿಂಕೆಯ ಚೆಲುವನ್ನು ಕುರಿತಲ್ಲ. ಅದಕ್ಕೆ ರೋಗ ಬಂದರೆ ಏನು ಮಾಡಬೇಕು, ಯಾರು ಮಾಡಬೇಕು ಎಂಬುದನ್ನು ಕುರಿತು. ಇದನ್ನು ಕುರಿತು ಬೇಟೆಗಾರರು ಜಗಳವಾಡಿದ್ದನ್ನು ನಾನು ಎರಡು ಸಲ ಕೇಳಿದ್ದೇನೆ: ಒಮ್ಮೆ ನಮ್ಮ ಮನೆಯ ಜಗಲಿಯಲ್ಲಿ, ಇನ್ನೊಮ್ಮೆ ಬಹು ದೂರದ ಅಮೆರಿಕದಲ್ಲಿ.

ನನ್ನ ಸೋದರಮಾವನ ಬಳಿ ಒಂದು ಜೋಡುನಳಿಗೆ ಬಂದೂಕಿತ್ತು, ಅದಕ್ಕೆ ಲೈಸೆನ್ಸೂ ಇತ್ತು. ಮೊಲ, ಕೌಜುಗ, ರಾಗಿ ಹೊಲಕ್ಕೆ ನುಗ್ಗುವ ಹಂದಿ, ಇವೇ ಅವರ ಬೇಟೆ. ಗಣಿಯಲ್ಲಿ ಕೆಲಸಕ್ಕಿದ್ದ ಅವರ ಸ್ನೇಹಿತರೊಬ್ಬರು ಭಾನುವಾರ ಬರುತ್ತಿದ್ದರು. 1968ರಲ್ಲಿ ಬಂಡೀಪುರದ ಕಾಟಿಗಳಿಗೆ ದೊಡ್ಡ ರೋಗ ತಗಲಿತು. ಆ ಕಾಡಿಗೂ ಅದಕ್ಕೆ ಸೇರಿದಂತಿರುವ ಮುದುಮಲೆಗೂ ಅದು ಬಲವಾದ ಪೆಟ್ಟು, ಹಿಂಡುಹಿಂಡೇ ಸತ್ತುವು. ಸುದ್ದಿ ನಮ್ಮ ಜಗಲಿಗೆ ಬಂದಾಗ ನಾನು ಹೈಸ್ಕೂಲು ಹುಡುಗ.

ಮಾವ ಹೇಳಿದರು: “ರೋಗ ಹತ್ತಿದ ಮೃಗವನ್ನು ಹೊಡೆದು ಸುಟ್ಟುಬಿಟ್ಟರೆ ಮಿಕ್ಕವು ಉಳಿದಾವು. ಬಂದೂಕು ಇರುವುದು ಏತಕ್ಕೆ?”

ಸ್ನೇಹಿತರು ನಕ್ಕುಬಿಟ್ಟರು. “ಕಾಟಿಗೆ ರೋಗ ಕೊಟ್ಟದ್ದು ಯಾರು? ಕಾಡಿಗೆ ಮೇಯಲು ಬಿಟ್ಟ ನಮ್ಮ ದನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ! ಮೊದಲು ದನಕ್ಕೆ ಸೂಜಿ ಹಾಕಿಸಿ ಅಂದಿರಂತೆ ಆಮೇಲೆ ಮಾತಾಡಿ.”

ಅಂದು ಊಟದ ಹೊತ್ತಿನವರೆಗೂ ವಾದ ನಡೆಯಿತು. ಯಾರೂ ಸೋಲಲಿಲ್ಲ. ಇಬ್ಬರೂ ಕಾಟಿಯನ್ನು ಉಳಿಸಬೇಕೆಂದೇ ಹೇಳುತ್ತಿದ್ದರೆಂಬುದು ನನಗೆ ಆಗ ಹೊಳೆಯಲಿಲ್ಲ.

ನಾಲ್ಕೈದು ವರ್ಷಗಳ ಮೇಲೆ ನಾನೇ ಪಶುವೈದ್ಯ ಇಲಾಖೆ ಸೇರಿದೆ. ಡಾಕ್ಟರಾಗಿ ಅಲ್ಲ, ಡಾಕ್ಟರ ಹಿಂದೆ ಪೆಟ್ಟಿಗೆ ಹೊರುವವನಾಗಿ. ಹಳ್ಳಿಯವರು ಮಾತ್ರ ಮರ್ಯಾದೆಗೆ ನನ್ನನ್ನೂ ಡಾಕ್ಟರೆಂದೇ ಕರೆದರು. ದೊಡ್ಡ ರೋಗವನ್ನು ದೇಶದಿಂದ ಅಟ್ಟುವ ಯೋಜನೆ 1954ರಲ್ಲೇ ಆರಂಭವಾಗಿತ್ತು. ಹುಣಸೇಮರದ ಕೆಳಗೆ ದನ ಕಟ್ಟಿಸಿ ಲಸಿಕೆ ಹಾಕುವುದು ನಮ್ಮ ಕೆಲಸ. ನಾವು ಬರುತ್ತೇವೆಂದು ತಿಳಿದೊಡನೆ ಹಾಲು ಕರೆಯುವ ಹಸುಗಳೆಲ್ಲ ಹೇಗೋ ಮಾಯವಾಗುತ್ತಿದ್ದುವು! ಸೂಜಿ ಹಾಕಿಸಿದರೆ ಹಾಲು ಬತ್ತುತ್ತದೆಂಬ ಭಯ. ಬಣವೆಯ ಹಿಂದೆ ಬಚ್ಚಿಟ್ಟ ಹಸುವನ್ನು ಅದರ ಕರುವೇ ಕೂಗಿ ತೋರಿಸಿಕೊಟ್ಟದ್ದೂ ಉಂಟು. ಹೀಗೆ ಹಳ್ಳಿ ಹಳ್ಳಿ ಸುತ್ತಿ, ವರುಷಾನುವರುಷ ನಡೆದ ಕೆಲಸದ ಫಲವಾಗಿ 1995ರ ತರುವಾಯ ದೇಶದಲ್ಲಿ ದೊಡ್ಡ ರೋಗ ಕಾಣಿಸಲಿಲ್ಲ. 2006ರಲ್ಲಿ ಭಾರತಕ್ಕೆ, 2011ರಲ್ಲಿ ಇಡೀ ಪ್ರಪಂಚಕ್ಕೆ ಅದರಿಂದ ಮುಕ್ತಿ ದೊರೆತುದಾಗಿ ಸಾರಲಾಯಿತು. ಮನುಷ್ಯನ ಸಿಡುಬನ್ನು ಬಿಟ್ಟರೆ ನಾವು ಭೂಮಿಯಿಂದಲೇ ಅಳಿಸಿಹಾಕಿದ ರೋಗ ಇದೊಂದೇ. ಕಾಟಿಯ ಮೈಗೆ ಯಾರೂ ಸೂಜಿ ಚುಚ್ಚಲಿಲ್ಲ, ಗುಂಡನ್ನೂ ಹೊಡೆಯಲಿಲ್ಲ. ದನ ಗುಣವಾಯಿತು, ಕಾಟಿ ಉಳಿಯಿತು.

ಗಣಿಯ ಸ್ನೇಹಿತರೇ ಗೆದ್ದರೆಂದು ನಾನು ಬಹುಕಾಲ ನಂಬಿದ್ದೆ. ಅಷ್ಟರಲ್ಲಿ 1972ರ ವನ್ಯಜೀವಿ ಕಾಯಿದೆ ಬಂದು ಬೇಟೆಯ ಕಾಲವೂ ಮುಗಿದಿತ್ತು. ಮಾವ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದ ದಿನ ಊಟ ಮಾಡಲಿಲ್ಲ.

2019ರ ನವೆಂಬರಿನಲ್ಲಿ ನನ್ನ ತಂಗಿಯ ಮಗ ತಾನಿದ್ದ ಮ್ಯಾಡಿಸನ್ ಪಟ್ಟಣಕ್ಕೆ ನನ್ನನ್ನು ಕರೆಸಿಕೊಂಡ. ಅದು ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ರಾಜಧಾನಿ. ನಾನು ಹೋದಾಗ ಅಲ್ಲಿ ಒಂಬತ್ತು ದಿನಗಳ ಬಂದೂಕು ಬೇಟೆಯ ಕಾಲ. ಊರಿಗೆ ಊರೇ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಹೊರಟಿತ್ತು. “ಮಾವ, ನೀವು ಇದನ್ನು ನೋಡಲೇಬೇಕು” ಎಂದು ಹುಡುಗ ನನ್ನನ್ನು ನೆರೆಮನೆಯವರ ಗ್ಯಾರೇಜಿಗೆ ಕರೆದೊಯ್ದ. ಅಲ್ಲಿ ಹೊಡೆದ ಜಿಂಕೆಯೊಂದು ತೂಗಾಡುತ್ತಿತ್ತು. ಅದರ ತಲೆ ಮಾತ್ರ ಬೇರೆ ಒಂದು ಚೀಲದಲ್ಲಿತ್ತು. ಏಕೆಂದು ಕೇಳಿದೆ. ಪರೀಕ್ಷೆಗೆ, ಎಂದರು.

ಆ ರೋಗಕ್ಕೆ ಅವರು ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎನ್ನುತ್ತಾರೆ. ಟೊಮೇಟೊ ಗಿಡಕ್ಕೆ ಬರುವ ಸೊರಗು ರೋಗವನ್ನು ನಮ್ಮ ಕೋಲಾರದವರು ಬಲ್ಲರಷ್ಟೆ. ಇದು ಜಿಂಕೆಯ ಸೊರಗು ರೋಗ. 1967ರಲ್ಲಿ ಕೊಲೊರಾಡೊ ಸಂಸ್ಥಾನದ ಒಂದು ಸಂಶೋಧನಾ ದೊಡ್ಡಿಯಲ್ಲಿ ಮೊದಲು ಕಣ್ಣಿಗೆ ಬಿತ್ತು. ಇದಕ್ಕೆ ಕಾರಣ ವೈರಸ್ಸೂ ಅಲ್ಲ, ಬ್ಯಾಕ್ಟೀರಿಯವೂ ಅಲ್ಲ. ಆಕಾರ ಕೆಟ್ಟ ಒಂದು ಪ್ರೋಟೀನು, ಪ್ರಿಯಾನ್. ಬ್ರಿಟನ್ನಿನ ಹುಚ್ಚು ಹಸುವಿನ ರೋಗವೂ ಇದೇ ಜಾತಿಯದು. ಮಿದುಳು ಸ್ಪಂಜಿನಂತೆ ತೂತುಬಿದ್ದು, ಪ್ರಾಣಿ ಜೊಲ್ಲು ಸುರಿಸುತ್ತ, ಕಿವಿ ಜೋಲುಬಿಟ್ಟು, ಮನುಷ್ಯನ ಭಯವನ್ನೂ ಮರೆತು, ಮೂಳೆ ಚಕ್ಕಳವಾಗಿ ಸಾಯುತ್ತದೆ. ತಗಲಿದ ಮೇಲೆ ಬದುಕಿದ್ದೆಂಬುದಿಲ್ಲ. ಲಸಿಕೆಯಿಲ್ಲ, ಮದ್ದಿಲ್ಲ. ಜೊಲ್ಲು, ಮೂತ್ರ, ಸಗಣಿ, ಸತ್ತ ಮೈ ಇವುಗಳಿಂದ ಹರಡಿ, ಸೊರಗು ರೋಗದಂತೆಯೇ ನೆಲದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬೇಯಿಸಿದರೂ ಸಾಯದು. ಇದು ಮನುಷ್ಯನಿಗೆ ತಗಲಿದ್ದು ಇದುವರೆಗೆ ಖಚಿತವಾಗಿಲ್ಲ; ಆದರೂ ರೋಗವಿರುವ ಮಾಂಸವನ್ನು ತಿನ್ನಬೇಡಿರೆಂದೇ ವೈದ್ಯರು ಹೇಳುತ್ತಾರೆ.

ಇದರಲ್ಲಿ ನಿಜವಾದ ತೊಡಕು ಮತ್ತೊಂದಿದೆ. ರೋಗ ತಗಲಿದ ಜಿಂಕೆ ಒಂದೂವರೆ, ಎರಡು ವರ್ಷ ಚೆನ್ನಾಗಿಯೇ ಕಾಣುತ್ತದೆ. ಮೇಯುತ್ತದೆ, ಓಡುತ್ತದೆ, ರೋಗವನ್ನು ಹಂಚುತ್ತದೆ. ಹೊಡೆಯಬೇಕಾದುದು ಯಾವುದನ್ನು?

ಗ್ಯಾರೇಜಿನಲ್ಲಿದ್ದ ಮುದುಕರು ಒಬ್ಬ ರೈತರು. ನನ್ನ ಮಾವನದೇ ಮುಖ, ಬಣ್ಣ ಮಾತ್ರ ಬೇರೆ. ಅವರು ಕಥೆ ಹೇಳಿದರು. 2002ರ ಫೆಬ್ರವರಿಯಲ್ಲಿ ಮ್ಯಾಡಿಸನ್ ಪಟ್ಟಣಕ್ಕೆ ಹತ್ತಿರದಲ್ಲೇ, ಹಿಂದಿನ ಹಂಗಾಮಿನಲ್ಲಿ ಹೊಡೆದ ಮೂರು ಜಿಂಕೆಗಳಲ್ಲಿ ರೋಗ ಸಿಕ್ಕಿತು. ಸರ್ಕಾರ ಸುಮಾರು 400 ಚದರ ಮೈಲಿಯ ಒಂದು ವಲಯವನ್ನು ಗುರುತಿಸಿ, ಅದರೊಳಗಿನ ಜಿಂಕೆಗಳನ್ನೆಲ್ಲ ತೆಗೆದುಬಿಡಿ ಎಂದಿತು. ಕೊಂಬಿನ ಗಂಡನ್ನು ಹೊಡೆಯಬೇಕಾದರೆ ಮೊದಲು ಕೊಂಬಿಲ್ಲದ ಒಂದನ್ನು ಹೊಡೆದು ತೋರಿಸಬೇಕೆಂಬ ನಿಯಮವೂ ಬಂದಿತು. ಕೊಂಬು ಬೇಟೆಗಾರನ ಪ್ರತಿಷ್ಠೆ, ಸ್ವಾಮಿ. ಅದಕ್ಕೆ ಷರತ್ತು ಹಾಕಿದರೆ ಯಾರು ಸಹಿಸುತ್ತಾರೆ? ಮುದುಕರು ಸಹಿಸಿದರು. “ಆ ವರ್ಷ ಹೊಡೆದದ್ದರಲ್ಲಿ ತಿಂದದ್ದೂ ಇಲ್ಲ, ಸಂತೋಷಪಟ್ಟದ್ದೂ ಇಲ್ಲ. ಆದರೂ ಹೊಡೆದೆ. ಅರ್ಧಕ್ಕೆ ಕೈಬಿಟ್ಟದ್ದೇ ತಪ್ಪು” ಎಂದರು.

ಅವರ ಮಗ ಒಪ್ಪಲಿಲ್ಲ. ಜಿಂಕೆಯನ್ನು ಉಳಿಸಲು ಜಿಂಕೆಯನ್ನೆಲ್ಲ ಕೊಲ್ಲುವುದು ಯಾವ ನ್ಯಾಯ? ತನ್ನ ಮಗನಿಗೆ ತಾನೇನು ತೋರಿಸಲಿ? ಕಾಡಿನಲ್ಲಿ ಸತ್ತುಬಿದ್ದ ಜಿಂಕೆಗಳ ರಾಶಿಯನ್ನು ತಾನಂತೂ ಕಂಡಿಲ್ಲ ಎಂದ. ಇಂಥವರ ಕೂಗು ಬಲವಾಗಿ, ಆ ನಿಯಮವನ್ನು 2011ರಲ್ಲಿ ಶಾಸನ ಮಾಡಿಯೇ ತೆಗೆದುಹಾಕಿದರು. ಮೂರನೆಯವರು ಒಬ್ಬ ದಾದಿ. ಅವರಿಗೆ ಕೊಂಬಿನ ಆಸೆಯಿಲ್ಲ, ಚಳಿಗಾಲಕ್ಕೆ ಮಾಂಸ ಬೇಕು. ಪರೀಕ್ಷೆಯ ಫಲ ಬರುವವರೆಗೆ ಮಾಂಸ ಮುಟ್ಟುವುದಿಲ್ಲ, ಮೂಳೆಯನ್ನು ಕಾಡಿನಲ್ಲಿ ಎಸೆಯುವುದಿಲ್ಲ, ಕಾಳು ಸುರಿದು ಜಿಂಕೆ ಸೇರಿಸುವವರನ್ನು ಕಂಡರೆ ಆಗುವುದಿಲ್ಲ. ನೂರು ಬಾಯಿ ಒಂದೇ ತೊಟ್ಟಿಗೆ ಬಿದ್ದರೆ ರೋಗ ಹರಡದೆ ಇನ್ನೇನು ಎಂಬುದು ಅವರ ವಾದ. ಮೂಲೆಯಲ್ಲಿ ಕುಳಿತಿದ್ದ ಇನ್ನೊಬ್ಬರು, ತೋಳಕ್ಕೂ ಪ್ರಕೃತಿಗೂ ಬಿಟ್ಟುಬಿಡಿ, ತಡೆದುಕೊಳ್ಳಬಲ್ಲ ಜಿಂಕೆ ತಾನಾಗಿ ಉಳಿಯುತ್ತದೆ ಎಂದರು. ಕೆಲವು ಜಿಂಕೆಗಳಲ್ಲಿ ಹುಟ್ಟುಗುಣದಿಂದ ರೋಗ ನಿಧಾನವಾಗುವುದು ನಿಜ. ಆದರೆ ನಿಧಾನವಾದರೂ ಅವೂ ಸಾಯುತ್ತವೆ.

ನಾನು ಹೊರಗಿನವನು, ಬಾಯಿ ಬಿಡಲಿಲ್ಲ. ಮೇಲೆ ತಿಳಿದುಬಂದುದನ್ನು ಹೇಳುತ್ತೇನೆ. ಆ ಸೀಮೆಯಲ್ಲಿಯೇ ಸಾವಿರಕ್ಕೂ ಮೀರಿ ಜಿಂಕೆಗಳಿಗೆ ಕೊರಳಪಟ್ಟಿ ಹಾಕಿ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ರೋಗವಿಲ್ಲದ ಹೆಣ್ಣುಗಳಲ್ಲಿ ವರ್ಷ ಕಳೆದು ಉಳಿದುವು ನಾಲ್ಕರಲ್ಲಿ ಮೂರಕ್ಕೂ ಹೆಚ್ಚು. ರೋಗವಿದ್ದವುಗಳಲ್ಲಿ ಅರ್ಧವೂ ಉಳಿಯಲಿಲ್ಲ. ಕೆಲವು ಕಡೆ ಬೆಳೆದ ಗಂಡುಗಳಲ್ಲಿ ಮೂರಕ್ಕೊಂದಕ್ಕಿಂತ ಹೆಚ್ಚಿಗೆ ರೋಗ ಹಿಡಿದಿದೆ. ಪಕ್ಕದ ಇಲಿನಾಯ್ ಸಂಸ್ಥಾನದಲ್ಲೂ ರೋಗ ಕಂಡದ್ದು ಅದೇ 2002ರಲ್ಲಿ. ಅವರು ಪ್ರತಿ ಚಳಿಗಾಲವೂ ರೋಗವಿರುವ ಜಾಗಗಳಲ್ಲಿ ಸರ್ಕಾರದ ಗುರಿಕಾರರಿಂದ ಹೊಡೆಸುತ್ತ ಬಂದು, ಹತ್ತು ವರ್ಷದವರೆಗೂ ರೋಗವನ್ನು ನೂರಕ್ಕೊಂದರ ಆಸುಪಾಸಿನಲ್ಲೇ ಹಿಡಿದಿಟ್ಟರು, ಅಳಿಸಲಂತೂ ಆಗಲಿಲ್ಲ. ನಾರ್ವೆಯವರು ಇನ್ನೂ ಕಠಿಣರು. 2016ರಲ್ಲಿ ಅಲ್ಲಿನ ನೂರ್‌ಫ್ಯೆಲ್ಲ ಬೆಟ್ಟದ ಹಿಮಸಾರಂಗದಲ್ಲಿ ರೋಗ ಕಂಡೊಡನೆ ಎರಡು ಸಾವಿರಕ್ಕೂ ಹೆಚ್ಚಿದ್ದ ಆ ಹಿಂಡನ್ನೇ 2018ರೊಳಗೆ ತೆಗೆದುಬಿಟ್ಟರು, ಬೆಟ್ಟವನ್ನು ಬರಿದೇ ಬಿಟ್ಟರು. 2020ರಲ್ಲಿ ಮತ್ತೊಂದು ದೊಡ್ಡ ಬೆಟ್ಟಸೀಮೆಯಲ್ಲಿ ರೋಗ ಕಾಣಿಸಿಕೊಂಡಿತು.

ಹಾಗಾದರೆ ನನ್ನ ಮಾವನ ಮಾತೂ ಸುಳ್ಳಲ್ಲವಲ್ಲ! ಸೂಜಿ ಇಲ್ಲದ ರೋಗಕ್ಕೆ ಬಂದೂಕೇ ಗತಿಯಾದೀತು. ಆದರೆ ಅದು ಬೇಗ ಹೊಡೆಯಬೇಕು, ಕಣ್ಣಿಗೆ ಏನೂ ಕಾಣದ ಕಾಲದಲ್ಲೇ ಹೊಡೆಯಬೇಕು; ಆರೋಗ್ಯವಾಗಿ ಕಾಣುವ ಪ್ರಾಣಿಯನ್ನು ಸರ್ಕಾರದ ಮಾತಿನ ಮೇಲೆ ಕೊಲ್ಲಬೇಕು. ಮುದುಕರಿಗೂ ಮಗನಿಗೂ ಇದ್ದ ಭೇದ ಇಷ್ಟೇ ಎಂದು ನನಗೆ ತೋರಿತು: ಒಬ್ಬರು ಆ ಮಾತನ್ನು ನಂಬಿದರು, ಒಬ್ಬನು ನಂಬಲಿಲ್ಲ. ಜಗಳ ಏನೇ ಇರಲಿ, ಮಾರನೆಯ ದಿನ ನಾಲ್ವರ ಚೀಲಗಳೂ ಪರೀಕ್ಷೆಯ ಪೆಟ್ಟಿಗೆಗೆ ಹೋದುದನ್ನು ನಾನು ಕಣ್ಣಾರೆ ಕಂಡೆ. ರೋಗ ಎಲ್ಲಿದೆ, ಎಷ್ಟಿದೆ ಎಂಬುದು ಆ ದೇಶಕ್ಕೆ ಗೊತ್ತಿರುವುದು ಈ ಜಗಳಗಂಟ ಬೇಟೆಗಾರರಿಂದ.

ಈಗ ನಮ್ಮ ಬಯಲಿಗೆ ಬರೋಣ. ಸೊರಗು ರೋಗ ನಮ್ಮ ದೇಶದಲ್ಲಿ ಇದುವರೆಗೆ ಕಂಡುಬಂದಿಲ್ಲ. ಕೆನಡಾದಿಂದ ಕೊಂಡು ತಂದ ದೊಡ್ಡ ಜಿಂಕೆಗಳ ಜೊತೆ ಅದು ದಕ್ಷಿಣ ಕೊರಿಯಕ್ಕೆ ಬಂದಿತು, ಆದುದರಿಂದ ನಾವೂ ನಿಶ್ಚಿಂತರಾಗಿರುವಂತಿಲ್ಲ. ಚುಕ್ಕೆ ಜಿಂಕೆ, ಕಡವೆಗಳಿರುವ ಕಾಡು ನಮ್ಮದು. ಕ್ಯಾಸಂಬಳ್ಳಿಯ ಜಿಂಕೆಯ ಮಾತು ಬೇರೆ. ಅದರ ಕೊಂಬು ವರ್ಷವರ್ಷ ಉದುರುವುದಿಲ್ಲ. ಶಾಸ್ತ್ರದ ಪ್ರಕಾರ ಅದು ಜಿಂಕೆಯ ಕುಲವೇ ಅಲ್ಲ, ದನ ಕುರಿ ಮೇಕೆಗಳ ನೆಂಟ. ನೆಂಟರ ರೋಗವೇ ಅದಕ್ಕೆ ಭಯ. ಕುರಿ ಮೇಕೆಗಳಿಗೆ ಬರುವ ಹಿರೇಬೇನೆ, ಕಚೇರಿಯ ಮಾತಿನಲ್ಲಿ ಪಿ.ಪಿ.ಆರ್., ದೊಡ್ಡ ರೋಗದ ತಮ್ಮನಿದ್ದಂತೆ: ಜ್ವರ, ಕಣ್ಣು ಮೂಗಿನ ಸುರಿತ, ಬಾಯಿಹುಣ್ಣು, ಭೇದಿ. ನಮ್ಮ ದೇಶದಲ್ಲಿ ಅದು ಮೊದಲು ಗೊತ್ತಾದುದು 1987ರಲ್ಲಿ, ತಮಿಳುನಾಡಿನಲ್ಲಿ. ಮಂಗೋಲಿಯದ ಹುಲ್ಲುಗಾವಲಿನಲ್ಲಿ ಇದು ಕುರಿಮೇಕೆಗಳಿಂದ ಸೈಗಾ ಎಂಬ ಹುಲ್ಲೆಗೆ ದಾಟಿ, 2016ರ ಕೊನೆಯಿಂದ ಕೆಲವೇ ತಿಂಗಳಲ್ಲಿ ಅಲ್ಲಿದ್ದ ಹಿಂಡಿನ ಅರ್ಧಕ್ಕಿಂತ ಹೆಚ್ಚನ್ನು ಕೊಂದಿತು. ಇದಕ್ಕೆ ಸೂಜಿ ಇದೆ, ನಮ್ಮ ದೇಶದಲ್ಲೇ ತಯಾರಾಗುತ್ತದೆ, ಒಂದು ಸಲ ಹಾಕಿದರೆ ಮೂರು ವರ್ಷಕ್ಕೆ ಸಾಕು.

ಇಲ್ಲದಿರುವುದು ಆ ತಲೆಯ ಚೀಲ. ನಮ್ಮಲ್ಲಿ ಬೇಟೆಗಾರನಿಲ್ಲ, ಇಲ್ಲದಿರುವುದೇ ಒಳ್ಳೆಯದೆನ್ನಿ, ಇಲ್ಲವಾದರೆ ಜಿಂಕೆಯೂ ಇರುತ್ತಿರಲಿಲ್ಲ. ಆದರೆ ಬಯಲಿನಲ್ಲಿ ಜಿಂಕೆ ಸತ್ತರೆ ಮೊದಲು ಕಾಣುವವನು ಯಾರು? ಕುರಿ ಕಾಯುವವನು. ಕೃಷ್ಣಮೃಗ ಕಾಯಿದೆಯ ಒಂದನೆಯ ಪಟ್ಟಿಯಲ್ಲಿದೆ. ಸತ್ತದ್ದರ ಹತ್ತಿರ ನಿಂತರೆ ತನ್ನ ಮೇಲೆಲ್ಲಿ ಕೇಸಾದೀತೋ ಎಂದು ಅವನು ಬೇರೆ ದಾರಿ ಹಿಡಿಯುತ್ತಾನೆ.

ಹೋದ ಬೇಸಿಗೆಯಲ್ಲಿ ಅಂಥವನೊಬ್ಬ ನನ್ನ ಜಗಲಿಗೆ ಬಂದು, ಬಹಳ ಹೊತ್ತು ಮಳೆಯ ಮಾತಾಡಿ, ಕೊನೆಗೆ ಹೇಳಿದ: “ಸಾಮಿ, ಕೆರೆ ಅಂಗಳದಾಗೆ ಎರಡು ಜಿಂಕೆ ಸತ್ತಿದ್ದೊ.”

“ಯಾವಾಗಯ್ಯ?”

“ಎಂಟು ದಿನ ಆಯ್ತು ಸಾಮಿ.”

ಹೋಗಿ ನೋಡಿದೆವು. ನಾಯಿಗಳು ಒಂದು ಗೊರಸನ್ನೂ ಉಳಿಸಿರಲಿಲ್ಲ. ನಾಯಿಯೇ ಕೊಂದಿತೋ, ಬಾಯಾರಿಕೆಯೋ, ಬೇನೆಯೋ, ಹೇಳುವ ಬಗೆಯಿಲ್ಲ. ಮೊದಲೇ ಏಕೆ ಹೇಳಲಿಲ್ಲವೆಂದರೆ ಅವನು ನೆಲ ನೋಡಿದ. ಸತ್ತದ್ದನ್ನು ಮುಟ್ಟದೆ, ಅದೇ ದಿನ ಅರಣ್ಯದವರಿಗೋ ಪಶು ಆಸ್ಪತ್ರೆಗೋ ತಿಳಿಸಿದವನು ತಪ್ಪಿತಸ್ಥನಲ್ಲ ಎಂದು ನಾನು ಎರಡು ಸಲ ಹೇಳಿದೆ. ಅವನು ತಲೆಯಾಡಿಸಿದ, ನಂಬಿದನೆಂದು ಹೇಳಲಾರೆ.

“ನಿನ್ನ ಕುರಿಗಳಿಗೆ ಸೂಜಿ ಹಾಕಿಸಿದ್ದೀಯಾ?”

“ಹೋದ ವರ್ಷ ಹಾಕಿದ್ರು ಸಾಮಿ. ಆಮ್ಯಾಕೆ ಹುಟ್ಟಿದ್ದು ಹದಿನಾಲ್ಕು ಮರಿ ಬಾಕಿ ಅವೆ.”

ಮರಿಗಳಿಗೆ ನಾಲ್ಕು ತಿಂಗಳು ತುಂಬಿತ್ತು. ಮುಂದಿನ ಮಂಗಳವಾರ ಆಸ್ಪತ್ರೆಯವರ ಜೊತೆ ನಾನೂ ಹೋದೆ. ಹನ್ನೆರಡು ಮರಿ ಕಟ್ಟಿದ್ದ. ಉಳಿದೆರಡು ಎಲ್ಲಿ ಎಂದು ಕೇಳುವಷ್ಟರಲ್ಲಿ ಬಣವೆಯ ಹಿಂದಿನಿಂದ ಕೂಗು ಕೇಳಿಸಿತು.