ಪತ್ತನಾಜೆಗೆ ನಿಲ್ಲುತ್ತಿದ್ದ ಬಸ್ಸು
(ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ಊರಿನ ಬಗ್ಗೆ ಮಾತಾಡಿ ಎಂದಿರಿ. ಜಾತ್ರೆ, ನೇಮ, ಯಕ್ಷಗಾನದ ಬಗ್ಗೆ ಇಲ್ಲಿ ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ನಾನು ಒಂದು ಬಸ್ಸಿನ ಚರಿತ್ರೆ ಹೇಳುತ್ತೇನೆ. 1980ರ ದಶಕದಲ್ಲಿ ಕಾರ್ಕಳ ತಾಲೂಕಿನ ಒಳಗಿರುವ ನಮ್ಮ ಹಳ್ಳಿಗೆ ಮೂರೇ ಮೂರು ಬೇಸಿಗೆ ಬಂದು ನಿಂತುಹೋದ ಬಸ್ಸು ಅದು.

ನಮ್ಮ ಜಿಲ್ಲೆಯಲ್ಲಿ ಬಸ್ಸೆಂದರೆ ಮೊದಲಿನಿಂದಲೂ ಖಾಸಗಿ ಬಸ್ಸೇ. ಸಿಪಿಸಿ ಎಂಬ ಹೆಸರು ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು. ಮಂಗಳೂರಿಂದ ಉತ್ತರಕ್ಕೆ ಹೊರಟರೆ ದಾರಿಯುದ್ದಕ್ಕೂ ಹೊಳೆಗಳು. ಸೇತುವೆಗಳಾಗುವ ತನಕ ಬಸ್ಸು ಈ ದಡದಲ್ಲಿ ನಿಲ್ಲುತ್ತಿತ್ತು, ಜನ ದೋಣಿಯಲ್ಲಿ ದಾಟಿ ಆಚೆ ದಡದ ಬಸ್ಸು ಹಿಡಿಯುತ್ತಿದ್ದರು. ಆಮೇಲೆ ದೊಡ್ಡ ರಸ್ತೆಗೆ ಸೇತುವೆಗಳು ಬಂದವು. ಒಳಗಿನ ಹಳ್ಳಿಗಳಿಗೆ ಮಣ್ಣಿನ ರಸ್ತೆ, ಕಾಲುಸಂಕವೇ ಉಳಿಯಿತು. ಮಳೆ ಹಿಡಿದರೆ ಆ ರಸ್ತೆಯಲ್ಲಿ ಎತ್ತಿನ ಗಾಡಿ ಕೂಡ ಹೂತುಹೋಗುತ್ತಿತ್ತು.

ಅಂಥ ರಸ್ತೆಗೆ ಬಸ್ಸು ತರಲು ಕಾನೂನಿನಲ್ಲಿ ಒಂದು ದಾರಿ ಇತ್ತು. 1939ರ ಮೋಟಾರು ವಾಹನ ಕಾಯ್ದೆಯ 62ನೇ ಕಲಮಿನಲ್ಲಿ ತಾತ್ಕಾಲಿಕ ಪರ್ಮಿಟ್ ಅಂತ ಇತ್ತು. ಜಾತ್ರೆಗೆ, ಹಂಗಾಮಿನ ವ್ಯಾಪಾರಕ್ಕೆ, ತಾತ್ಕಾಲಿಕ ಅಗತ್ಯಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು. 1988ರ ಕಾಯ್ದೆಯಲ್ಲೂ ಅದು 87ನೇ ಕಲಮಾಗಿ ಉಳಿದಿದೆ. ಫೆಬ್ರವರಿಯಲ್ಲಿ ತೆಗೆದುಕೊಂಡರೆ ಸರಿಯಾಗಿ ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ ಬರುತ್ತದೆ. ಅಷ್ಟರಲ್ಲಿ ಮೇಳದವರೂ ಗೆಜ್ಜೆ ಬಿಚ್ಚಿರುತ್ತಾರೆ, ಭೂತಕ್ಕೂ ವಿರಾಮ. ನಮ್ಮ ಬಸ್ಸಿನದ್ದೂ ಅದೇ ಪಂಚಾಂಗ.

ಬಸ್ಸು ಬಂದದ್ದು ನಮ್ಮ ಹೆಸರಿನಲ್ಲಿ. ಮುಂಬಯಿಯವರು ರಜೆಗೆ ಬರುತ್ತಾರೆ, ಟ್ರಂಕು, ಹೋಲ್ಡಾಲು ಹೊತ್ತು ಮೂರು ಮೈಲಿ ನಡೆಯುವುದು ಹೇಗೆ ಎಂದು ಊರಿನ ಹಿರಿಯರು ಅರ್ಜಿ ಬರೆದರು. ಆಗ ಕೊಂಕಣ ರೈಲು ಇರಲಿಲ್ಲ; ಅದು ಪೂರ್ತಿ ಓಡಿದ್ದು 1998ರಲ್ಲಿ. ರಾತ್ರಿಯಿಡೀ, ಹಗಲಿಡೀ ಬಸ್ಸಿನಲ್ಲಿ ಕೂತು ಬಂದವರಿಗೆ ಕೊನೆಯ ಆ ಮೂರು ಮೈಲಿಯೇ ದೊಡ್ಡ ಶಿಕ್ಷೆ. ಊರಿನವರೇ ಕೂಡಿ ಚರಂಡಿಗೆ ಕಲ್ಲು ತುಂಬಿ, ತೋಡಿಗೆ ತೆಂಗಿನ ದಿಮ್ಮಿ ಹಾಕಿ ದಾರಿ ಮಾಡಿದರು. ದಿಮ್ಮಿ ಬಂದಾಗ ಎಲ್ಲರೂ ಇಳಿಯಬೇಕು, ಬಸ್ಸು ಖಾಲಿಯಾಗಿ ದಾಟಬೇಕು. ದಾಟಿದ ಮೇಲೆ ಕಂಡಕ್ಟರು "ರೈಟ್ ಪೋಯಿ" ಅನ್ನುತ್ತಿದ್ದ.

ದಿನಕ್ಕೆ ಎರಡು ಟ್ರಿಪ್ಪು, ಬೆಳಿಗ್ಗೆ ಒಂದು, ಸಂಜೆ ಒಂದು.

ರಜೆಗೆ ಹೋದ ನಾವು ಅದರಲ್ಲಿ ಬರುವಾಗ ಒಮ್ಮೆ, ಹೋಗುವಾಗ ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿ ಭರಣಿ ಹಿಡಿದು ಒಮ್ಮೆ ಕೂತೆವು, ನಡುವೆ ಒಂದೆರಡು ಸಲ ಪೇಟೆಗೆ. ದಿನಾ ಕೂತವರು ಬೇರೆ. ನನ್ನ ಚಿಕ್ಕಮ್ಮ ಬೀಡಿ ಕಟ್ಟುತ್ತಿದ್ದರು. ಎಲೆ, ಹೊಗೆಸೊಪ್ಪು ತರಲು, ಕಟ್ಟಿದ್ದು ಒಪ್ಪಿಸಲು ಬ್ರಾಂಚಿಗೆ ನಡೆದೇ ಹೋಗಬೇಕು. ಅಲ್ಲಿ ಚೆಕ್ಕರ್ ಕೆಲವನ್ನು ತೆಗೆದು ಪಕ್ಕಕ್ಕಿಟ್ಟರೆ ಆ ನಡಿಗೆಯ ಕೂಲಿಯೂ ಹೋಯಿತು. ಬಸ್ಸು ಬಂದ ಮೇಲೆ ಹೋಗಿಬರುವ ಹೊತ್ತು ಉಳಿದು ದಿನಕ್ಕೆ ಇನ್ನಷ್ಟು ಬೀಡಿ ಕಟ್ಟಲಾಯಿತು.

ಮಲ್ಲಿಗೆಯವರ ಕತೆ ಇನ್ನೂ ಚೆನ್ನ. ನಮ್ಮ ಕಡೆ ಮಲ್ಲಿಗೆ ಲೆಕ್ಕ ನಿಮಗೆ ಗೊತ್ತು: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಕಟ್ಟೆ ಮುಟ್ಟಿಸದಿದ್ದರೆ ಹೂವು ಮನೆ ದೇವರಿಗೇ. ನಾಲ್ಕೈದು ಮನೆಯವರು ಕೂಡಿ ಬಾಳೆಲೆಯ ಕಟ್ಟು ಕಂಡಕ್ಟರ ಕೈಗೆ ಕೊಡತೊಡಗಿದರು. ಸಂಜೆ ಟ್ರಿಪ್ಪಿನಲ್ಲಿ ಹಣ, ಚೀಟಿ ವಾಪಸು. ಎರಡನೆಯ ವರ್ಷ ಬಸ್ಸು ಬರುತ್ತದೆಂಬ ಧೈರ್ಯದಿಂದ ಹೊಸ ಗಿಡ ನೆಟ್ಟವರಿದ್ದರು. ಬಸುರಿಯರು ಆಸ್ಪತ್ರೆಗೆ ಹೋದರು. ತವರಿಗೆ ಹೋಗಿ ಅದೇ ಸಂಜೆ ತಿರುಗಿ ಬರಬಹುದು ಎಂಬುದು ನಮ್ಮ ಅತ್ತೆಯರ ಕಾಲಕ್ಕೆ ಹೊಸ ಸಂಗತಿ. ಸೊಸೆಯಂದಿರಿಗೆ ಕಾಲು ಬಂತು ಎಂದು ಒಬ್ಬರು ಅಜ್ಜಿ ಗೊಣಗಿದ್ದು ನಾನೇ ಕೇಳಿದ್ದೇನೆ!

ನಿಂತದ್ದು ಹೇಗೆ? ಮೇ ತಿಂಗಳು ಮದುವೆಯ ಕಾಲ. ದಿಬ್ಬಣಕ್ಕೆ ಬಾಡಿಗೆ ಹೋದರೆ ಒಂದೇ ದಿನಕ್ಕೆ ನಮ್ಮ ಮಾರ್ಗದ ವಾರದ ಗಳಿಕೆ ಸಿಗುತ್ತದೆ. ಮುಹೂರ್ತವಿರುವ ದಿನಗಳಲ್ಲಿ ಬಸ್ಸು ಕಾಣೆಯಾಗತೊಡಗಿತು. ಹೂವಿನ ಕಟ್ಟು ಹಿಡಿದು ಆಲದ ಕಟ್ಟೆಯಲ್ಲಿ ಹತ್ತು ಗಂಟೆಯವರೆಗೆ ಕಾದವರು ಮರುದಿನ ಪುನಃ ನಡೆದರು. ಆಸನದ ಲೆಕ್ಕದಲ್ಲಿ ತೆರಿಗೆ, ಡೀಸೆಲ್ಲು, ದಿಮ್ಮಿಯ ಮೇಲೆ ಮುರಿದ ಸ್ಪ್ರಿಂಗು ಎಲ್ಲ ಕೂಡಿದರೆ ಮಾಲೀಕನದ್ದೂ ಸುಳ್ಳು ಲೆಕ್ಕವಲ್ಲ. ನಾಲ್ಕನೆಯ ಬೇಸಿಗೆಗೆ ಆತ ಪರ್ಮಿಟ್ ಕೇಳಲಿಲ್ಲ. ಮುಂಬಯಿಯವರಿಗೆ ಅಷ್ಟು ಹೊತ್ತಿಗೆ ಸರ್ವಿಸ್ ಜೀಪು ಸಿಕ್ಕಿತ್ತು, ಆದ್ದರಿಂದ ಎರಡನೆಯ ಅರ್ಜಿ ಯಾರೂ ಬರೆಯಲಿಲ್ಲ. ಜೀಪಿನವನು ಪೂರ್ತಿ ತುಂಬದೆ ಹೊರಡುವವನಲ್ಲ. ಬೀಡಿಯವರೂ ಮಲ್ಲಿಗೆಯವರೂ ಆ ಮೊದಲ ಅರ್ಜಿಯಲ್ಲಿ ಇರಲೇ ಇಲ್ಲವಲ್ಲ, ಹಾಗಾಗಿ ಅವರಿಗೆ ಏನಾಯಿತೆಂದು ಕೇಳುವ ಪ್ರಶ್ನೆಯೂ ಬರಲಿಲ್ಲ. ಚಿಕ್ಕಮ್ಮನ ಮಗಳು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟಳು. ಹೈಸ್ಕೂಲು ಪೇಟೆಯಲ್ಲಿತ್ತು.

ಹಳೆಯ ಕತೆ ಅಂದುಕೊಳ್ಳಬೇಡಿ. ಈಗ ರಸ್ತೆಗೆ ಡಾಮರು ಬಿದ್ದಿದೆ, ತೋಡಿಗೆ ಮೋರಿಯಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ. ಒಳ್ಳೆಯದೇ. ಆದರೆ ಉಡುಪಿ, ದಕ್ಷಿಣ ಕನ್ನಡದ ಒಳಮಾರ್ಗಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. ಅದರಲ್ಲಿ ಪೂರ್ತಿ ಟಿಕೆಟು. ನಮ್ಮ ಹಳ್ಳಿಗೆ ಅದೂ ಇಲ್ಲ. ಚಿಕ್ಕಮ್ಮನ ಸೊಸೆ ಮಲ್ಲಿಗೆ ಕಟ್ಟೆಗೆ ರಿಕ್ಷಾದಲ್ಲಿ ಹೋಗುತ್ತಾಳೆ. ಬೇಸಿಗೆಯಲ್ಲಿ ಹೂವು ಜಾಸ್ತಿ, ದರ ಕಡಿಮೆ. ಕೆಲವು ದಿನ ರಿಕ್ಷಾ ಬಾಡಿಗೆಯೇ ಹೂವಿನ ಹಣಕ್ಕಿಂತ ಹೆಚ್ಚು.

ದೇವಸ್ಥಾನದ ಬ್ರಹ್ಮಕಲಶಕ್ಕೆ ಇಲ್ಲಿಂದ ನಾವೆಲ್ಲ ಕೈಲಾದಷ್ಟು ಕೊಟ್ಟಿದ್ದೇವೆ, ಕೊಡೋಣ. ಜೊತೆಗೆ ಇನ್ನೊಂದು ಕೆಲಸವಿದೆ. ಬಸ್ಸು ಮಾರ್ಗದ ಅರ್ಜಿಗಳು ಬರುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರದ ಮುಂದೆ. ಊರಿನ ಹೆಂಗಸರು ಈ ಸಲ ತಾವೇ ಒಂದು ಅರ್ಜಿ ಬರೆದಿದ್ದಾರೆ, ಬೆಳಗಿನ ಟ್ರಿಪ್ಪಿನ ಹೊತ್ತು ಸಹಿತ. ಊರಿನಲ್ಲಿ ಮನೆಯಿರುವ ನಾವೂ ಸಹಿ ಹಾಕಿದರೆ ಒಳ್ಳೆಯದೆಂದು ನನಗೆ ಪ್ರತಿ ಕಳಿಸಿದ್ದಾರೆ. ಅದು ನನ್ನ ಚೀಲದಲ್ಲಿದೆ, ಚಹಾದ ಹೊತ್ತಿಗೆ ಹೊರಗಿನ ಮೇಜಿನ ಮೇಲೆ ಇಟ್ಟಿರುತ್ತೇನೆ.